ನಕ್ಷೆಯಲ್ಲಿಲ್ಲದ ಓಣಿ

ನಮ್ಮ ದೊಡ್ಡಮ್ಮನ ಹೊಲಿಗೆಯಲ್ಲಿ ತಪ್ಪು ಹುಡುಕುವವರು ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೂ ನಮ್ಮ ಅಂಗಡಿಯ ಮೆಟ್ಟಿಲು ಹತ್ತುವ ಧೈರ್ಯ ಮಾಡಿಲ್ಲ. ಅವಳ ಕಣ್ಣು ಮಂಜಾಗುತ್ತ ಬಂದು ಪೂರ್ತಿ ಹೋಗಿ ಎಂಟು ವರ್ಷವಾಯಿತು. ಈಗಲೂ ಅಂಚು ಮಡಿಚುವುದು, ಗುಂಡಿ ಹಾಕುವುದು, ಕಾಜಾ ತೆಗೆಯುವುದು ಎಲ್ಲ ಅವಳದೇ ಕೆಲಸ. ಸೂಜಿಗೆ ದಾರ ಪೋಣಿಸಿಕೊಡಲು ಮಾತ್ರ ಇನ್ನೊಬ್ಬರನ್ನು ಕರೆಯುತ್ತಾಳೆ, ಅದೂ ಗೊಣಗಿಕೊಂಡು. ಬಟ್ಟೆಯನ್ನು ಹೆಬ್ಬೆರಳು ತೋರುಬೆರಳ ನಡುವೆ ಒಮ್ಮೆ ಹಾಯಿಸಿದಳೆಂದರೆ ಯಾರು ಕತ್ತರಿಸಿದ್ದು, ಯಾರು ಹೊಲಿದದ್ದು, ಹೊಲಿಯುವಾಗ ಅವರಿಗೆ ಸಿಟ್ಟಿತ್ತೋ ಇಲ್ಲವೋ ಎಲ್ಲವನ್ನೂ ಹೇಳುತ್ತಾಳೆ.

ಕತ್ತರಿ ಹಿಡಿಯುವವಳು ಅವಳ ತಂಗಿ, ಅಂದರೆ ನಮ್ಮಮ್ಮ. ಊರಿಗೆಲ್ಲ ಅವಳು ಟೈಲರಮ್ಮ. ಆ ಅಂಗಡಿಗೆ ಮೂರನೆಯವಳಾಗಿ ನಾನೂ ಸೇರಬೇಕಿತ್ತು. ಆದರೆ ನನ್ನ ಹತ್ತನೇ ವಯಸ್ಸಿನಲ್ಲಿಯೇ ಆ ಬಾಗಿಲು ಮುಚ್ಚಿಹೋಯಿತು. ಉಳಿದ ಚೂರು ಬಟ್ಟೆ ಕೊಟ್ಟು ಪುಸ್ತಕದ ಚೀಲ ಹೊಲಿ ಎಂದಿದ್ದಳು ದೊಡ್ಡಮ್ಮ. ಎರಡು ತುಂಡು ಜೋಡಿಸುವಾಗ ಒಳಗಡೆ ಒಂದು ಬೆರಳಗಲ ಬಟ್ಟೆ ಬಿಡಬೇಕು. ನಾನು ಭದ್ರವಾಗಿರಲಿ ಎಂದು ಎಲ್ಲ ಕಡೆಯೂ ಎರಡು ಬೆರಳು ಬಿಟ್ಟೆ. ಚೀಲ ಬಹಳ ಗಟ್ಟಿಯಾಯಿತು. ಪುಸ್ತಕ ಮಾತ್ರ ಒಳಗೆ ಹೋಗಲಿಲ್ಲ. ದೊಡ್ಡಮ್ಮ ಅದನ್ನು ಬೆರಳಲ್ಲಿ ಸವರಿ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವತ್ತಿನಿಂದ ಅವಳ ಬಾಯಲ್ಲಿ ನಾನು ಎರಡ್ಬೆರಳಮ್ಮ. ಆ ಅಭ್ಯಾಸ ಎಷ್ಟು ಬೈದರೂ ಹೋಗಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ, ಹಾಗೆ. ಕೊನೆಗೆ ಓದಿಸಿದರು. ಓದಿ ಪುರಸಭೆಯ ಯೋಜನಾ ಶಾಖೆಯಲ್ಲಿ ತಾತ್ಕಾಲಿಕ ಗುಮಾಸ್ತೆಯಾದೆ. ಅಂಗಡಿಗೆ ಬಂದವರಿಗೆಲ್ಲ ಅವರು ಕೇಳಲಿ ಬಿಡಲಿ ದೊಡ್ಡಮ್ಮ ಹೇಳುತ್ತಿದ್ದಳು, ನಮ್ಮ ಹುಡುಗಿ ಪುರಸಭೆಯಲ್ಲಿದ್ದಾಳೆ ಎಂದು. ತಾತ್ಕಾಲಿಕ ಎಂಬ ಪದವನ್ನು ಅವಳು ಯಾವತ್ತೂ ಸೇರಿಸಲಿಲ್ಲ.

ನಮ್ಮ ಮನೆಗೂ ಅಂಗಡಿಗೂ ನಡುವೆ ಒಂದು ಓಣಿ. ಆರಡಿ ಅಗಲ, ನೂರ ಹನ್ನೆರಡು ಹೆಜ್ಜೆ ಉದ್ದ. ಹೆಜ್ಜೆ ಎಣಿಸಿದವಳು ದೊಡ್ಡಮ್ಮ. ಒಂದು ಬದಿಗೆ ಪುರಸಭೆಯ ಹಳೆಯ ಗೋದಾಮು, ಇನ್ನೊಂದು ಬದಿಗೆ ಹಿಟ್ಟಿನ ಗಿರಣಿ. ಅದಕ್ಕೊಂದು ಹೆಸರಿಲ್ಲ, ಓಣಿ ಎಂದರೆ ಸಾಕು ಎಲ್ಲರಿಗೂ ತಿಳಿಯುತ್ತದೆ. ಅಮ್ಮ ಬೆಳಿಗ್ಗೆ ಎಂಟಕ್ಕೆ ಹೋಗಿ ಅಂಗಡಿ ತೆಗೆದರೆ ದೊಡ್ಡಮ್ಮ ಮನೆಗೆಲಸ ಮುಗಿಸಿ ಒಂಬತ್ತೂವರೆಗೆ ಹೊರಡುತ್ತಾಳೆ, ಒಬ್ಬಳೇ, ಎಡಗೈಯನ್ನು ಗಿರಣಿಯ ಗೋಡೆಯ ಮೇಲಿಟ್ಟುಕೊಂಡು. ಗಿರಣಿ ಓಡುವಾಗ ಗೋಡೆ ಸಣ್ಣಗೆ ನಡುಗುತ್ತಿರುತ್ತದೆ. ಆ ನಡುಕ ನಿಂತಲ್ಲಿ ಓಣಿ ಮುಗಿಯಿತು, ಮೂರು ಹೆಜ್ಜೆ ಮುಂದಿಟ್ಟರೆ ನಮ್ಮ ಅಂಗಡಿ. ಪಾಪ ಎಂದುಕೊಂಡು ಯಾರಾದರೂ ಕೈ ಹಿಡಿಯಲು ಬಂದರೆ ಅವರಿಗೆ ಅವತ್ತು ಗ್ರಹಚಾರ. ತಾನು ಕೆಲಸಕ್ಕೆ ಹೋಗುವವಳು, ತನ್ನನ್ನು ಯಾರೂ ಕರೆದುಕೊಂಡು ಹೋಗಬೇಕಾಗಿಲ್ಲ ಎಂದು ಕೈ ಕೊಡವುತ್ತಾಳೆ. ಸುತ್ತುಬಳಸಿನ ದಾರಿಯೂ ಒಂದಿದೆ. ಅದರಲ್ಲಿ ಬಸ್ಸು ಲಾರಿ ಓಡಾಡುವ ದೊಡ್ಡ ರಸ್ತೆಯನ್ನು ಎರಡು ಕಡೆ ದಾಟಬೇಕು. ಕಣ್ಣಿದ್ದವರೇ ಅಲ್ಲಿ ಜೀವ ಕೈಯಲ್ಲಿ ಹಿಡಿದುಕೊಂಡು ದಾಟುತ್ತಾರೆ.

ಇನ್ನು ನನ್ನ ಕಚೇರಿಯ ಕಥೆ. ಗೋದಾಮು ಕೆಡವಿ ಆ ಜಾಗದಲ್ಲಿ ವಾಹನ ನಿಲ್ಲಿಸುವ ಮೂರಂತಸ್ತಿನ ಕಟ್ಟಡ ಕಟ್ಟುವುದು ಎಂದು ತೀರ್ಮಾನವಾಗಿತ್ತು. ಅದಕ್ಕಾಗಿ ಸರ್ವೆಯವರು ಆ ಬೀದಿಯ ನಕ್ಷೆಯನ್ನು ಎರಡು ದೊಡ್ಡ ಹಾಳೆಗಳಲ್ಲಿ ಕಳಿಸಿದ್ದರು. ನೆಲದ ಮೇಲಿನ ಆರಡಿ ಆ ಹಾಳೆಯಲ್ಲಿ ಒಂದು ಬೆರಳಗಲ. ಎರಡನ್ನೂ ಹಲಗೆಯ ಮೇಲೆ ಜೋಡಿಸಿ ಅಂಟಿಸುವ ಕೆಲಸ ನನಗೆ ಬಂತು. ಮೈದಾ ಹಿಟ್ಟು ಕುದಿಸಿ ಅಂಟು ಮಾಡಿ, ಅಂಗೈಯಲ್ಲಿ ಒತ್ತಿ ಒತ್ತಿ, ಒಂದು ಗುಳ್ಳೆ ಏಳದಂತೆ ಅಂಟಿಸಿದೆ. ಹೊಸದಾಗಿ ಬಂದಿದ್ದ ಇಂಜಿನಿಯರ್ ಸಾಹೇಬರು ನೋಡಿ ಕೆಲಸ ಎಂದರೆ ಹೀಗಿರಬೇಕು ಎಂದರು. ನನಗೆ ಎರಡು ದಿನ ನೆಲ ಕಾಣಲಿಲ್ಲ. ಆ ನಕ್ಷೆಯ ಮೇಲೆಯೇ ಅವರು ನೀಲಿ ಗೆರೆಯಲ್ಲಿ ಕಟ್ಟಡ ಬರೆದರು. ಮೂರು ತಿಂಗಳಾದ ಮೇಲೆ ಅದನ್ನು ಸಾರ್ವಜನಿಕರು ನೋಡಲೆಂದು ಇಟ್ಟರು. ಮೂವತ್ತು ದಿನ ನೋಡಬಹುದು, ಆಕ್ಷೇಪಣೆ ಇದ್ದರೆ ಬರೆದು ಕೊಡಬಹುದು.

ಇಟ್ಟದ್ದು ಎಲ್ಲಿ ಅಂದರೆ ಎರಡನೇ ಮಹಡಿಯ ಕೊನೆಯ ಕೋಣೆಯಲ್ಲಿ, ಬಾಗಿಲ ಹಿಂದೆ. ಬಾಗಿಲು ತೆರೆದರೆ ನಕ್ಷೆ ಮುಚ್ಚಿಹೋಗುತ್ತಿತ್ತು. ಪಕ್ಕದಲ್ಲಿ ಒಂದು ಮೇಜು, ಒಂದು ದಪ್ಪ ಪುಸ್ತಕ, ನಾನು. ಇಪ್ಪತ್ತಮೂರು ದಿನದಲ್ಲಿ ಆ ಪುಸ್ತಕದಲ್ಲಿ ಬಿದ್ದ ಬರಹ ಎರಡು. ಒಬ್ಬರು 'ನೋಡಿದೆ' ಎಂದು ಬರೆದು ಸಹಿ ಹಾಕಿದ್ದರು. ಇನ್ನೊಬ್ಬರು ಫ್ಯಾನು ತಿರುಗುತ್ತಿಲ್ಲ ಎಂದು ಬರೆದಿದ್ದರು. ಜನರಿಗೆ ಆಸಕ್ತಿಯೇ ಇಲ್ಲ ಎಂದು ಸಾಹೇಬರು ಬೇಸರಪಟ್ಟುಕೊಂಡರು. ನಾನೂ ಹೌದು ಸಾರ್ ಎಂದೆ. ಅಷ್ಟು ಬುದ್ಧಿವಂತೆ ನಾನು.

ಇಪ್ಪತ್ತನಾಲ್ಕನೇ ದಿನ ನಾನು ಊಟದ ಡಬ್ಬಿ ಮರೆತು ಬಂದಿದ್ದೆ. ಅಮ್ಮ ಅದನ್ನು ಹಿಡಿದುಕೊಂಡು, ಕುತ್ತಿಗೆಯಲ್ಲಿ ಟೇಪು ನೇತಾಡಿಸಿಕೊಂಡು ಮೆಟ್ಟಿಲು ಹತ್ತಿ ಬಂದಳು. ನಾನು ಉಣ್ಣುವಾಗ ಸುಮ್ಮನೆ ನಿಲ್ಲುವ ಜಾಯಮಾನ ಅವಳದಲ್ಲ. ಬಾಗಿಲು ಸರಿಸಿ ನಕ್ಷೆಯ ಮುಂದೆ ನಿಂತಳು. ನಾಲ್ಕನೇ ತರಗತಿಗೆ ಶಾಲೆ ಬಿಟ್ಟವಳು, ನಕ್ಷೆ ಎಂದರೆ ಹೆದರಿಯಾಳು ಎಂದುಕೊಂಡರೆ ಅವಳು ಅದನ್ನು ಕತ್ತರಿಸಲು ಹಾಸಿದ ಬಟ್ಟೆಯ ಮೇಲಿನ ಗುರುತು ಓದಿದ ಹಾಗೆ ಓದತೊಡಗಿದಳು. ಇದು ಕ್ಷೌರದಂಗಡಿ, ಇದು ನಮ್ಮ ಅಂಗಡಿ, ಇದು ಗಿರಣಿ, ಇದು ಗೋದಾಮು ಎಂದು ಬೆರಳಿಡುತ್ತ ಬಂದವಳು ಗೋದಾಮಿನ ಬಳಿ ನಿಂತಳು. ಮತ್ತೆ ಹಿಂದಕ್ಕೆ ಹೋದಳು. ಮತ್ತೆ ಬಂದಳು.

"ಓಣಿ ಎಲ್ಲೇ?" ಅಂದಳು.

ನಾನು ತುತ್ತು ಬಾಯಲ್ಲಿಟ್ಟುಕೊಂಡೇ ಎದ್ದು ಹೋಗಿ ನೋಡಿದೆ. ನಕ್ಷೆಯಲ್ಲಿ ಗೋದಾಮಿನ ಗೋಡೆ, ಅದಕ್ಕೆ ಅಂಟಿಕೊಂಡಂತೆ ಗಿರಣಿಯ ಗೋಡೆ. ನಡುವೆ ಕೂದಲು ತೂರುವಷ್ಟೂ ಜಾಗವಿಲ್ಲ. ಸಾಹೇಬರ ನೀಲಿ ಕಟ್ಟಡ ಗಿರಣಿಯ ಗೋಡೆಗೆ ಒರಗಿಕೊಂಡು ನಿಂತಿತ್ತು. ಇಪ್ಪತ್ತಮೂರು ದಿನ ಅದರ ಪಕ್ಕದಲ್ಲೇ ಕುಳಿತಿದ್ದೆ, ದಿನವೂ ಆ ಓಣಿಯಲ್ಲೇ ನಡೆದು ಕೆಲಸಕ್ಕೆ ಬಂದಿದ್ದೆ, ಆದರೂ ನೋಡಿರಲಿಲ್ಲ. ಸರ್ವೆಯವರು ಬಿಟ್ಟಿರಬೇಕು ಎಂದೆ. ಅಮ್ಮ ಏನೂ ಹೇಳದೆ ಖಾಲಿ ಡಬ್ಬಿ ತೆಗೆದುಕೊಂಡು ಹೋದಳು. ಅವಳು ಮಾತಾಡದೆ ಹೋದಳೆಂದರೆ ಯಾರಿಗೋ ಕೆಲಸ ಕಾದಿದೆ ಎಂದು ಅರ್ಥ.

ಸಂಜೆ ಹೊತ್ತಿಗೆ ಅಂಗಡಿಯ ಕತ್ತರಿಸುವ ಮೇಜಿನ ಮೇಲೆ ಬಟ್ಟೆ ಇರಲಿಲ್ಲ, ಬಿಳಿ ಕಾಗದದ ಕಟ್ಟು ಇತ್ತು. ಅಮ್ಮ, ಗಿರಣಿಯ ಯಜಮಾನ, ಕ್ಷೌರದಂಗಡಿಯವ ಮೂವರೂ ಟೇಪು ಹಿಡಿದು ಗೋದಾಮಿನ ಮೂಲೆಯಿಂದ ಗಿರಣಿಯ ಆಚೆ ಮೂಲೆಯವರೆಗೆ ಅಳೆದಿದ್ದರು. ಅಮ್ಮನದು ಒಂದು ಪದ್ಧತಿ. ಅಳತೆಯನ್ನು ಎರಡು ಸಲ ತೆಗೆದು, ಗಟ್ಟಿಯಾಗಿ ಕೂಗಿ ಹೇಳಿ, ಬರೆದುಕೊಂಡವರು ತಿರುಗಿ ಓದಿ ಹೇಳಿದ ಮೇಲೆಯೇ ಕತ್ತರಿ ಮುಟ್ಟುತ್ತಾಳೆ. ಬೀದಿಯನ್ನೂ ಹಾಗೆಯೇ ಅಳೆದರು. ಅವಳು ಕೂಗಿದ್ದು ಬಸ್ ನಿಲ್ದಾಣದವರೆಗೆ ಕೇಳಿಸಿತಂತೆ. ನಕ್ಷೆ ನೆಲಕ್ಕಿಂತ ಸರಿಯಾಗಿ ಆರಡಿ ಗಿಡ್ಡವಿತ್ತು.

ಮುಂದಿನ ಐದು ದಿನ ನಮ್ಮ ಬೀದಿಯಲ್ಲಿ ಆಕ್ಷೇಪಣೆಯ ಅರ್ಜಿ ಬರೆಯದೆ ಯಾರಿಗೂ ಯಾವ ಕೆಲಸವೂ ಆಗಲಿಲ್ಲ. ಬಟ್ಟೆ ತೆಗೆದುಕೊಂಡು ಹೋಗಲು ಬಂದವರಿಗೆ ಅಮ್ಮ ಮೊದಲು ಪೆನ್ನು ಕೊಟ್ಟಳು. ಗಿರಣಿಯಲ್ಲಿ ಹಿಟ್ಟು ಬೀಸುವವರೆಗೆ ಕಾಯುವವರು ಕಾಯುತ್ತ ಬರೆದರು. ಕ್ಷೌರದಂಗಡಿಯವ ಅರ್ಧ ಗಡ್ಡ ಬೋಳಿಸಿ ಅರ್ಜಿ ಮುಂದಿಟ್ಟನೆಂದೂ, ಬರೆದ ಮೇಲೆಯೇ ಉಳಿದರ್ಧ ಬೋಳಿಸಿದನೆಂದೂ ಸುದ್ದಿ. ಅವನನ್ನು ಕೇಳಿದರೆ ಅಲ್ಲಗಳೆಯುವುದಿಲ್ಲ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ನಕಲು ಮಾಡಬಾರದು, ಓಣಿಯಿಂದ ತನಗೇನು ಎಂದು ಅವರವರೇ ಬರೆಯಬೇಕು ಎಂಬುದು ಅಮ್ಮನ ಕಟ್ಟಪ್ಪಣೆ, ಏಕೆಂದರೆ ಒಬ್ಬರ ಅಳತೆ ಇನ್ನೊಬ್ಬರಿಗೆ ಆಗುವುದಿಲ್ಲವಂತೆ. ದೊಡ್ಡಮ್ಮ ತನ್ನ ಅರ್ಜಿಯನ್ನು ಬಾಯಲ್ಲಿ ಹೇಳಿ ನನ್ನಿಂದ ಬರೆಸಿ, ಕೆಳಗೆ ಓರೆಕೋರೆಯಾಗಿ ತಾನೇ ಸಹಿ ಹಾಕಿದಳು.

ಮೂವತ್ತನೇ ದಿನದ ಹೊತ್ತಿಗೆ ಅರ್ಜಿ ನೂರ ನಲವತ್ತಮೂರು. ಎಲ್ಲಕ್ಕೂ ಮೊಹರು ಒತ್ತಿದವಳು ನಾನೇ. ನೂರಕ್ಕಿಂತ ಹೆಚ್ಚು ಬಂದರೆ ಸಾರ್ವಜನಿಕ ಸಭೆ ಕರೆಯಲೇಬೇಕು ಎಂದು ನಿಯಮವಿದೆ. ಅದು ಹಿಂದೆಂದೂ ಬಳಕೆಯಾಗದ ನಿಯಮ. ಅದು ಎಷ್ಟನೇ ಪುಟದಲ್ಲಿದೆ ಎಂದು ಹುಡುಕಲು ಸಾಹೇಬರಿಗೆ ಅರ್ಧ ದಿನ ಹಿಡಿಯಿತು. ಅವರು ಕೆಟ್ಟವರೇನಲ್ಲ. ಓಣಿಯನ್ನು ಹೋಗಿ ನೋಡಿಯೂ ಬಂದರು. ಅದು ಎರಡು ಕಟ್ಟಡದ ನಡುವಿನ ಸಂದು, ಸರ್ವೆಯಲ್ಲಿ ದಾರಿ ಎಂದು ಇಲ್ಲದ ಮೇಲೆ ಗೋದಾಮಿನ ಜಾಗವೇ ಎಂಬುದು ಅವರ ವಾದ. ಅರ್ಜಿಗಳ ರಾಶಿ ನೋಡಿ, ಟೈಲರಮ್ಮ ನಿಮ್ಮ ತಾಯಿಯಂತೆ, ಹೌದೇ ಎಂದರು. ಹೌದು ಎಂದೆ. ನಿಮ್ಮ ಅವಧಿ ಮುಂದಿನ ತಿಂಗಳು ಮುಗಿಯುತ್ತದೆ ಅಲ್ಲವೇ ಎಂದರು. ಅದಕ್ಕೂ ಹೌದು ಎಂದೆ. ಅವರು ಹೆದರಿಸಲು ಕೇಳಿದರೋ ಸುಮ್ಮನೆ ಕೇಳಿದರೋ ಗೊತ್ತಿಲ್ಲ. ಮನೆಗೆ ಬಂದು ಊಟಕ್ಕೆ ಕುಳಿತಾಗ ಬಾಯಿ ತಪ್ಪಿ ಹೇಳಿಬಿಟ್ಟೆ. ಅಮ್ಮ ಗಮನ ಕೊಡಲಿಲ್ಲ. ದೊಡ್ಡಮ್ಮನ ಕೈ ತಟ್ಟೆಯಲ್ಲಿ ನಿಂತದ್ದನ್ನು ನಾನು ನೋಡಿದೆ.

ಸಭೆ ಬೆಳಿಗ್ಗೆ ಹನ್ನೊಂದಕ್ಕೆ. ಪುರಸಭೆಯ ಸಭಾಂಗಣದಲ್ಲಿ ಕುರ್ಚಿ ಸಾಲದೆ ಜನ ಕಿಟಕಿಯ ಕಟ್ಟೆಯ ಮೇಲೂ ಕುಳಿತಿದ್ದರು. ಮುಂದೆ ಅಧ್ಯಕ್ಷೆ, ಅವರ ಪಕ್ಕದಲ್ಲಿ ಸಾಹೇಬರು, ಎದುರಿಗೆ ಹಲಗೆಯ ಮೇಲೆ ನನ್ನ ನಕ್ಷೆ. ಯಾರು ಏನು ಹೇಳಿದರೆಂದು ಬರೆದುಕೊಳ್ಳುವುದು ನನ್ನ ಪಾಲಿಗೆ ಬಂದಿತ್ತು. ಅಧ್ಯಕ್ಷೆ ಕಡಿಮೆ ಮಾತಿನ ಹೆಂಗಸು, ಕನ್ನಡಕದ ಮೇಲಿಂದ ನೋಡುತ್ತಾರೆ. ಕ್ಷೌರದಂಗಡಿಯವನಿಗೆ ಮೊದಲು ಮಾತಾಡಲು ಬಿಟ್ಟರು. ಬೀದಿಯಲ್ಲಿ ನಿಲ್ಲಿಸಿದರೂ ನಿಲ್ಲದೆ ಮಾತಾಡುವವನು ಅಲ್ಲಿ ಮೂರು ವಾಕ್ಯ ಹೇಳಿ ಬೆವರು ಒರೆಸಿಕೊಂಡು ಕುಳಿತ. ಗಿರಣಿಯ ಯಜಮಾನ ಹಿಟ್ಟಿನ ಅಂಗಿಯಲ್ಲೇ ಬಂದು, ತನ್ನ ಗೋಡೆಗೆ ಇನ್ನೊಂದು ಗೋಡೆ ತಾಗಿಸಿದರೆ ಗಿರಣಿಯ ನಡುಕಕ್ಕೆ ಎರಡೂ ಬಿರುಕು ಬಿಡುತ್ತವೆ ಎಂದ. ಆಮೇಲೆ ಅಮ್ಮ ಎದ್ದಳು. ಅಳತೆಗಳನ್ನು ಒಂದೊಂದಾಗಿ ಕೂಗಿ ಹೇಳಿದಳು. ಅವಳ ಪದ್ಧತಿ ಗೊತ್ತಿದ್ದ ನಮ್ಮ ಬೀದಿಯ ಜನ ಒಂದೊಂದನ್ನೂ ತಿರುಗಿ ಹೇಳಿದರು. ಇಡೀ ಸಭಾಂಗಣ ಮಗ್ಗಿ ಹೇಳುವ ತರಗತಿಯ ಹಾಗಾಯಿತು. ನನಗೆ ಬರೆಯುತ್ತ ಬರೆಯುತ್ತ ಮೈ ಝುಮ್ಮೆಂದಿತು.

ಸಾಹೇಬರು ಸಮಾಧಾನದಿಂದಲೇ, "ಬಟ್ಟೆ ಅಳೆಯೋ ಟೇಪಲ್ಲಿ ಊರು ಅಳೆಯೋಕಾಗಲ್ಲಮ್ಮ" ಅಂದರು.

"ಊರಿಗೆಲ್ಲ ಬಟ್ಟೆ ಹೊಲಿದಿರೋದು ಇದೇ ಟೇಪಲ್ಲಿ ಸಾರ್," ಅಂದಳು ಅಮ್ಮ. "ಇದುವರೆಗೂ ಯಾರಿಗೂ ಬಿಗಿಯಾಗಿಲ್ಲ."

ಜನ ನಕ್ಕರು. ಸಾಹೇಬರೂ ನಕ್ಕರು, ಆದರೆ ಸೋಲಲಿಲ್ಲ. ನೆಲದ ಮೇಲೆ ಆರಡಿ ಖಾಲಿ ಇರುವುದನ್ನು ಒಪ್ಪುತ್ತೇನೆ, ಅದು ದಾರಿ ಎಂಬುದಕ್ಕೆ ದಾಖಲೆ ಎಲ್ಲಿ, ಸರ್ವೆಯ ಮೂಲ ಹಾಳೆಗಳೇ ಇಲ್ಲಿವೆ, ಯಾರು ಬೇಕಾದರೂ ಬಂದು ತೋರಿಸಲಿ ಎಂದರು. ಅಧ್ಯಕ್ಷೆ ತಲೆಯಾಡಿಸಿ ಮುಂದಿನ ಅರ್ಜಿ ಯಾರದು ಎಂದು ಕೇಳಿದರು. ಮುಂದಿನದು ದೊಡ್ಡಮ್ಮನದು.

ಅಮ್ಮ ಅವಳನ್ನು ನಕ್ಷೆಯವರೆಗೆ ತಂದು ನಿಲ್ಲಿಸಿದಳು. ಮುಟ್ಟಿ ನೋಡಬಹುದೇ ಎಂದು ದೊಡ್ಡಮ್ಮ ಕೇಳಿದಾಗ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅಧ್ಯಕ್ಷೆ ಕನ್ನಡಕದ ಮೇಲಿಂದ ಆ ಸಾಲನ್ನೊಮ್ಮೆ ನೋಡಿ, ಮುಟ್ಟಿ ಎಂದರು. ದೊಡ್ಡಮ್ಮ ಎಡಗಡೆಯಿಂದ ಶುರುಮಾಡಿದಳು. ಅಂಗಡಿಯಲ್ಲಿ ಬಟ್ಟೆ ಸವರುವ ಹಾಗೆಯೇ, ಅವಸರವಿಲ್ಲದೆ. ಶಾಯಿಯ ಗೆರೆ ಬೆರಳಿಗೆ ತಿಳಿಯುವುದಿಲ್ಲವಲ್ಲ, ಇವಳೇನು ಹುಡುಕುತ್ತಿದ್ದಾಳೆ ಎಂದು ನಾನು ಯೋಚಿಸುತ್ತಿದ್ದೆ. ಬೆರಳು ನಡುವಿಗೆ ಬಂದು ನಿಂತಿತು. ಎರಡು ಹಾಳೆ ಒಂದರ ಮೇಲೊಂದು ಕುಳಿತ ಜಾಗ. ಮೇಲಿನ ಹಾಳೆಯ ಅಂಚನ್ನು ಉಗುರಿನಿಂದ ಹಿಡಿದಳು. ಅದರಡಿಯಲ್ಲಿ ಕೆಳಗಿನ ಹಾಳೆ ಎಲ್ಲಿ ಮುಗಿಯುತ್ತದೋ ಆ ಸಣ್ಣ ಉಬ್ಬನ್ನೂ ಒತ್ತಿ ಕಂಡುಕೊಂಡಳು. ಆಮೇಲೆ ತೋರುಬೆರಳು, ನಡುಬೆರಳು ಎರಡನ್ನೂ ಜೋಡಿಸಿ ಅವುಗಳ ನಡುವೆ ಇಟ್ಟಳು. ಸರಿಯಾಗಿ ಕೂತಿತು.

ಅವಳ ಮುಖ ನಾನಿದ್ದ ಕಡೆ ತಿರುಗಿತು. ಕಣ್ಣು ಕಾಣದಿದ್ದರೂ ನಾನು ಎಲ್ಲಿ ಕುಳಿತಿದ್ದೇನೆಂದು ಅವಳಿಗೆ ಗೊತ್ತಿತ್ತು. ಕೈಯನ್ನು ಮೆಲ್ಲನೆ ತೆಗೆದು ಸೆರಗಿನಲ್ಲಿ ಸುತ್ತಿಕೊಂಡಳು.

"ನಂಗೇನೂ ಗೊತ್ತಾಗ್ಲಿಲ್ಲ ತಾಯಿ," ಅಂದಳು ಅಧ್ಯಕ್ಷೆಗೆ. "ಕಣ್ಣಿಲ್ಲದೋಳು. ನನ್ನ ಅರ್ಜಿ ವಾಪಸ್ ತಗೋತೀನಿ, ಹಾಗಂತ ಬರ್ಕೊಳ್ಳಿ."

ಅಮ್ಮ ಅಕ್ಕನ ತೋಳು ಹಿಡಿದು ಏನಾಯಿತೆಂದು ಪಿಸುಗುಟ್ಟಿದಳು. ದೊಡ್ಡಮ್ಮ ತಲೆ ಅಲ್ಲಾಡಿಸಿ ಹೋಗೋಣ ನಡಿ ಎಂದಳು. ಬರೆದುಕೊಳ್ಳಬೇಕಾದವಳು ನಾನು. ನನ್ನ ಪೆನ್ನು ಕಾಗದದ ಮೇಲೆ ನಿಂತುಬಿಟ್ಟಿತ್ತು. ಆ ಎರಡು ಬೆರಳನ್ನು ನಾನೂ ನೋಡಿದ್ದೆ. ಹಾಳೆಯ ಅಂಚಿನಲ್ಲಿ ಅಂಟಿಸಲೆಂದೇ ಸರ್ವೆಯವರು ಒಂದು ಬೆರಳು ಖಾಲಿ ಬಿಟ್ಟಿದ್ದರು. ಅಷ್ಟೇ ಸಾಕಿತ್ತು. ನಾನು ಭದ್ರವಾಗಿರಲಿ ಎಂದು ಎರಡು ಬೆರಳು ಒಳಕ್ಕೆ ತಳ್ಳಿದ್ದೆ. ಆ ಎರಡನೇ ಬೆರಳಿನಡಿ ಏನಿತ್ತು ಎಂದು ನೋಡಿರಲಿಲ್ಲ. ನೆಲದ ಮೇಲಿನ ಆರಡಿ.

ದೊಡ್ಡಮ್ಮನಿಗೆ ಓಣಿ ಸಿಕ್ಕಿತ್ತು. ಅದು ಯಾರ ಕೈಗೆಲಸ ಎಂದೂ ಸಿಕ್ಕಿತ್ತು. ನನ್ನ ತಾತ್ಕಾಲಿಕ ಕೆಲಸಕ್ಕಾಗಿ ಅವಳು ತನ್ನ ನೂರ ಹನ್ನೆರಡು ಹೆಜ್ಜೆಯನ್ನು ಬಿಟ್ಟುಕೊಟ್ಟು ಹೊರಟಿದ್ದಳು, ಇನ್ನು ಮುಂದೆ ಮನೆಯ ಮೂಲೆಯಲ್ಲಿ ಕೂರಲು. ನನಗೆ ಅಳು ಬಂತು, ಅಳುವಿಗಿಂತ ಮೊದಲು ಸಿಟ್ಟು ಬಂತು. ನನ್ನನ್ನು ಇಷ್ಟು ಸಣ್ಣವಳೆಂದು ತಿಳಿದಳಲ್ಲ ಎಂದು. ಹೆದರಿಕೆಯೂ ಆಯಿತು, ಇಲ್ಲ ಎಂದರೆ ಸುಳ್ಳಾಗುತ್ತದೆ. ಅಳೆದೂ ಸುರಿದೂ ನೋಡುತ್ತ ಕೂತರೆ ಅವರಿಬ್ಬರೂ ಬಾಗಿಲು ದಾಟುತ್ತಿದ್ದರು. ಎದ್ದು ನಿಂತೆ.

"ಅದನ್ನ ಬರ್ಕೊಳ್ಳಲ್ಲ," ಅಂದೆ. ನನ್ನ ದನಿ ನನಗೇ ಹೊಸದೆನಿಸಿತು. "ಆ ಹಾಳೆ ಅಂಟಿಸಿದ್ದು ನಾನು. ಒಂದು ಬೆರಳು ಬಿಡೋ ಕಡೆ ಎರಡು ಬೆರಳು ಒಳಗೆ ಹಾಕಿದೀನಿ. ಓಣಿ ಅದರಡಿ ಇದೆ."

ಸಾಹೇಬರು ನನ್ನನ್ನೂ ನಕ್ಷೆಯನ್ನೂ ನೋಡಿದರು. ಅಧ್ಯಕ್ಷೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಬಿಚ್ಚಿ ನೋಡಬಹುದೇ ಎಂದು ಕೇಳಿದರು. ಯಾರೋ ಬ್ಲೇಡು ತಂದರು. ಅಮ್ಮ ಬ್ಲೇಡು ಬೇಡವೆಂದಳು. ಹೊಲಿಗೆ ಬಿಚ್ಚುವುದು ಅವಳ ಕೆಲಸ, ಅವಳಿಗೆ ಯಾರೂ ಕಲಿಸಬೇಕಾಗಿಲ್ಲ. ಕುಡಿಯುವ ನೀರಿನ ಜಗ್ಗು ತರಿಸಿ, ತನ್ನ ಕೈವಸ್ತ್ರ ನೆನೆಸಿ ಹಿಂಡಿ, ಜೋಡಣೆಯ ಮೇಲೆ ಉದ್ದಕ್ಕೂ ಹಾಸಿದಳು. ಹತ್ತು ನಿಮಿಷ ಬಿಡಬೇಕು, ಅವಸರ ಮಾಡಿದರೆ ಕಾಗದ ಹರಿಯುತ್ತದೆ ಎಂದಳು. ಇನ್ನೂರು ಜನ ಹತ್ತು ನಿಮಿಷ ಒಂದು ಒದ್ದೆ ಬಟ್ಟೆಯನ್ನು ನೋಡುತ್ತ ಕುಳಿತರು. ಅಷ್ಟು ಜನ ಒಟ್ಟಾಗಿ ಸುಮ್ಮನಿದ್ದದ್ದನ್ನು ಆ ಕಟ್ಟಡ ಯಾವತ್ತೂ ಕಂಡಿರಲಾರದು. ಆಮೇಲೆ ಅಮ್ಮ ಮೇಲಿನ ತುದಿ ಎತ್ತಿದಳು. ಕೆಳಗಿನ ತುದಿ ಹಿಡಿಯಲು ಸಾಹೇಬರೇ ಎದ್ದು ಬಂದರು. ನನ್ನ ಅಂಟು ಸುಲಭಕ್ಕೆ ಬಿಡಲಿಲ್ಲ, ಆ ಹೊತ್ತಿನಲ್ಲೂ ನನಗೆ ಅದರ ಬಗ್ಗೆ ಒಂದಿಷ್ಟು ಜಂಬವಾಯಿತು.

ಹಾಳೆ ಹಿಂದಕ್ಕೆ ಮಡಿಸಿಕೊಂಡಿತು. ಅಡಿಯಲ್ಲಿ ಎರಡು ನೇರ ಕಪ್ಪು ಗೆರೆ, ನಡುವೆ ಒಂದು ಬೆರಳು ಜಾಗ. ಜಾಗದ ಉದ್ದಕ್ಕೂ ಸಣ್ಣ ಅಕ್ಷರ. ಎಲ್ಲರಿಗಿಂತ ಮುಂದೆ ಕತ್ತು ಚಾಚಿದ್ದ ಕ್ಷೌರದಂಗಡಿಯವ ಅದನ್ನು ಗಟ್ಟಿಯಾಗಿ ಓದಿದ.

"ಸಾರ್ವಜನಿಕ ಕಾಲುದಾರಿ. ಆರು ಅಡಿ."

ಅಳತೆ ಹೇಳಿದರೆ ತಿರುಗಿ ಹೇಳಬೇಕಲ್ಲ, ಇಡೀ ಸಭಾಂಗಣ ಒಂದೇ ದನಿಯಲ್ಲಿ ಆರು ಅಡಿ ಎಂದಿತು. ನಾನು ಅದನ್ನೂ ಬರೆದುಕೊಂಡೆ. ಈಗಲೂ ಕಡತದಲ್ಲಿ ನೋಡಬಹುದು.

ಅಧ್ಯಕ್ಷೆ ಕನ್ನಡಕ ಹಾಕಿಕೊಂಡು ನಕ್ಷೆಯ ಹತ್ತಿರ ಬಂದು ತಾವೇ ಓದಿ, ಓಣಿ ಇದ್ದಲ್ಲಿಯೇ ಇರಬೇಕು, ಕಟ್ಟಡವನ್ನು ಅದರಿಂದ ಹಿಂದಕ್ಕೆ ಸರಿಸಿ ಹೊಸ ಯೋಜನೆ ಬರೆಯಬೇಕು, ಬರೆದ ಮೇಲೆ ಮತ್ತೆ ಜನರ ಮುಂದೆ ಇಡಬೇಕು ಎಂದು ಹೇಳಿ ಬರೆಸಿದರು. ಬಾಗಿಲ ಹಿಂದೆ ಇಡಬಾರದು, ಕೆಳಗೆ ಹೆಬ್ಬಾಗಿಲ ಪಕ್ಕ ಇಡಬೇಕು ಎಂದು ಅಮ್ಮ ಕುಳಿತಲ್ಲಿಂದಲೇ ಹೇಳಿದಳು. ಅದನ್ನೂ ಬರೆಸಿದರು. ಕೊನೆಗೆ ದೊಡ್ಡಮ್ಮನ ಕಡೆ ತಿರುಗಿ, ವಾಪಸ್ ಪಡೆದ ಅರ್ಜಿಯನ್ನು ಏನು ಮಾಡೋಣ ಎಂದು ಕೇಳಿದರು.

"ವಾಪಸ್ ತಗೊಂಡಿದ್ದನ್ನ ವಾಪಸ್ ತಗೊಂಡೆ ತಾಯಿ," ಅಂದಳು ದೊಡ್ಡಮ್ಮ.

ಅವತ್ತು ಮಧ್ಯಾಹ್ನ ಮೂವರೂ ಓಣಿಯಲ್ಲಿ ಮನೆಗೆ ಬಂದೆವು. ಅಮ್ಮ ಮುಂದೆ, ನಡುವೆ ದೊಡ್ಡಮ್ಮ, ಹಿಂದೆ ನಾನು. ದೊಡ್ಡಮ್ಮ ದಾರಿಯುದ್ದಕ್ಕೂ ನನ್ನನ್ನು ಬೈದಳು. ಕೈಯಲ್ಲಿದ್ದ ಕೆಲಸವನ್ನು ಹೀಗೆ ಬೀದಿಗೆ ಎಸೆಯುವವರುಂಟೇ, ತಾನು ಅಷ್ಟು ಮಾಡಿ ಮುಚ್ಚಿದ್ದನ್ನು ಎದ್ದು ನಿಂತು ಹೇಳುವಂಥದ್ದೇನಿತ್ತು, ಈ ವಯಸ್ಸಿನಲ್ಲಿ ತನಗೆ ಅಂಗಡಿ ಇಲ್ಲದಿದ್ದರೆ ಆಕಾಶ ಕಳಚಿ ಬೀಳುತ್ತಿತ್ತೇ ಎಂದು. ಅವಳ ಎಡಗೈ ಅಭ್ಯಾಸಬಲದಿಂದ ಗೋಡೆ ಹುಡುಕಿತು. ಮನೆ ಕಡೆಗೆ ಬರುವಾಗ ಗಿರಣಿ ಬಲಕ್ಕೆ ಎಂಬುದು ಬೈಗುಳದ ಭರದಲ್ಲಿ ಮರೆತಿದ್ದಳು. ಆ ಕೈಯನ್ನು ಹಿಡಿಯೋಣವೆಂದು ಹೋದೆ. ಕೊಡವಿದಳು. ನನಗೆ ಎಷ್ಟು ಖುಷಿಯಾಯಿತೆಂದರೆ ಅಲ್ಲಿಯೇ ನಿಂತು ಅತ್ತುಬಿಟ್ಟೆ.

ಕಾರಣ ಕೇಳಿ ನೋಟಿಸು ಮರುದಿನವೇ ಬಂತು. ತಪ್ಪು ತಪ್ಪೇ. ಇದ್ದದ್ದನ್ನು ಇದ್ದಂತೆ ಬರೆದು ಕೊಟ್ಟೆ, ಪುಸ್ತಕ ಹೋಗದ ಚೀಲದ ವಿಷಯವೊಂದನ್ನು ಬಿಟ್ಟು. ಸಾಹೇಬರು ಅದರ ಕೆಳಗೆ ತಮ್ಮ ಟಿಪ್ಪಣಿ ಸೇರಿಸಿ ಮೇಲಕ್ಕೆ ಕಳಿಸಿದರು. ಜೋಡಣೆಯನ್ನು ಪರೀಕ್ಷಿಸದೆ ಅದರ ಮೇಲೆ ಗೆರೆ ಎಳೆದದ್ದು ತಮ್ಮ ತಪ್ಪು, ಸಭೆಯಲ್ಲಿ ತಾನಾಗಿ ಎದ್ದು ಹೇಳಿದವಳು ಈಕೆ ಎಂದು ಬರೆದಿದ್ದರು. ಮೂರು ವಾರ ಉತ್ತರಕ್ಕೆ ಕಾದೆ. ಆಮೇಲೆ ನನ್ನ ಅವಧಿಯನ್ನು ಆರು ತಿಂಗಳು ಮುಂದುವರಿಸಿದ ಕಾಗದ ಬಂತು. ತಾತ್ಕಾಲಿಕವಾಗಿಯೇ. ನೋಟಿಸಿನ ಪ್ರತಿಯೂ ನನ್ನ ಕಡತದಲ್ಲಿಯೇ ಇದೆ. ಅದು ಅಲ್ಲಿಯೇ ಇರಲಿ, ನನಗೇನೂ ನಾಚಿಕೆಯಿಲ್ಲ.

ಹೊಸ ಯೋಜನೆಯ ಹಾಳೆಗಳು ಬಂದಾಗ, ಅಂಟಿಸಲು ಯಾರಿಗೆ ಹೇಳುವುದು ಎಂಬ ಪ್ರಶ್ನೆ ಶಾಖೆಯಲ್ಲಿ ಎದ್ದಿತು. ಸಾಹೇಬರು ಮೈದಾ ಹಿಟ್ಟಿನ ಪೊಟ್ಟಣವನ್ನು ನನ್ನ ಮೇಜಿನ ಮೇಲಿಟ್ಟು ಹೋದರು. ಅರ್ಧ ದಿನ ತೆಗೆದುಕೊಂಡೆ. ಅಳತೆಯನ್ನು ಎರಡು ಸಲ ತೆಗೆದು ಗಟ್ಟಿಯಾಗಿ ಹೇಳಿಕೊಂಡೆ. ತಿರುಗಿ ಹೇಳಲು ಯಾರೂ ಇರಲಿಲ್ಲ, ನಾನೇ ಹೇಳಿಕೊಂಡೆ.

ನಕ್ಷೆಯನ್ನು ಹೆಬ್ಬಾಗಿಲ ಪಕ್ಕ ನಿಲ್ಲಿಸಿದ ಮೊದಲ ದಿನ ಬೆಳಿಗ್ಗೆ ಹತ್ತಕ್ಕೆಲ್ಲ ಸಾಲು ನಿಂತಿತ್ತು. ನಮ್ಮ ಬೀದಿಯವರಷ್ಟೇ ಅಲ್ಲ, ಬೇರೆ ಬೀದಿಯವರೂ ಬಂದಿದ್ದರು. ನಮ್ಮ ಕಡೆಯದನ್ನೂ ಹೀಗೆ ಹೊರಗಿಡುತ್ತೀರಾ ಎಂದು ಕೇಳಿದರು. ಓಣಿಗೆ ಒಂದು ದೀಪ ಬೇಕು ಎಂದು ಒಬ್ಬರು ಬರೆದರು. ಕಟ್ಟಡದ ಮಳೆನೀರು ಯಾವ ಕಡೆ ಹರಿಯುತ್ತದೆ ಎಂದು ಗಿರಣಿಯ ಯಜಮಾನ ಕೇಳಿದ, ಸಾಹೇಬರು ಕೆಳಗಿಳಿದು ಬಂದು ಉತ್ತರ ಹೇಳಿದರು. ಆ ದಪ್ಪ ಪುಸ್ತಕದ ಹನ್ನೊಂದು ಪುಟ ಅವತ್ತೊಂದೇ ದಿನ ತುಂಬಿತು.

ಹತ್ತೂಕಾಲಿನ ಹೊತ್ತಿಗೆ ಅಮ್ಮ ದೊಡ್ಡಮ್ಮನನ್ನು ಕರೆದುಕೊಂಡು ಬಂದಳು. ದೊಡ್ಡ ರಸ್ತೆ ದಾಟಬೇಕಾದ್ದರಿಂದ ಅವತ್ತು ಕೈ ಹಿಡಿಯಲು ಒಪ್ಪಿದ್ದಳಂತೆ. ಸಾಲಿನವರು ದಾರಿ ಬಿಟ್ಟರೂ ಅವಳು ಮುಂದೆ ಹೋಗಲಿಲ್ಲ, ತನ್ನ ಸರದಿ ಬರುವವರೆಗೆ ನಿಂತಳು. ಬಂದಾಗ ಹಲಗೆಯ ಹತ್ತಿರ ಹೋಗಿ ಎಡಗಡೆಯಿಂದ ಸವರುತ್ತ ಬಂದಳು. ಇಂಜಿನಿಯರ್ ಸಾಹೇಬರ ಪರೀಕ್ಷೆ ಆಗಿತ್ತು, ಅಧ್ಯಕ್ಷೆಯ ಸಹಿ ಆಗಿತ್ತು, ಆದರೂ ನನಗೆ ನಿಜವಾದ ಪರೀಕ್ಷೆ ಇದೇ. ಅವಳ ಬೆರಳು ಜೋಡಣೆಯನ್ನು ಕಂಡುಕೊಂಡಿತು. ಎರಡು ಬೆರಳು ಜೋಡಿಸಿ ಇಟ್ಟು ನೋಡಿದಳು. ಕೂರಲಿಲ್ಲ. ಒಂದನ್ನು ಮಡಿಚಿಕೊಂಡು ಬರೀ ತೋರುಬೆರಳು ಇಟ್ಟಳು. ಅದನ್ನು ಮೇಲಿಂದ ಕೆಳಗಿನವರೆಗೆ, ಒಂದು ಕಡೆಯೂ ಬಿಡದೆ, ಹಾಯಿಸಿದಳು.

ಆಮೇಲೆ ಸಾಲಿನ ಕಡೆ ತಿರುಗಿ, ಹಿಂದೆ ನಿಂತವರಿಗೂ ಕೇಳಿಸುವ ಹಾಗೆ ಹೇಳಿದಳು:

"ಇದನ್ನ ಅಂಟಿಸಿದೋಳು ನಮ್ಮನೆ ಹುಡುಗಿ."